ಹೊಲಿಗೆ ಬಿಚ್ಚಿದ ಮೇಲೆ ಏನಾಯ್ತು ಅಂತ ಕೇಳುವವರು ಯಾರು?

ನಮ್ಮ ಚಿಕ್ಕಪ್ಪ ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಹಮಾಲಿ. 75 ಕೆಜಿ ಭತ್ತದ ಚೀಲಗಳನ್ನು ಇಪ್ಪತ್ತು ವರ್ಷಕ್ಕೂ ಜಾಸ್ತಿ ಹೊತ್ತವರು. ಕೆಲವು ವರ್ಷದ ಹಿಂದೆ ಅವರ ಬಲಗಡೆ ತೊಡೆಸಂದಿಯಲ್ಲಿ ನಿಂಬೆಹಣ್ಣಿನಷ್ಟು ಉಬ್ಬು ಕಾಣಿಸಿಕೊಂಡಿತು. ಮಲಗಿದರೆ ಒಳಗೆ ಹೋಗುತ್ತದೆ, ಕೆಮ್ಮಿದರೆ ಹೊರಗೆ ಬರುತ್ತದೆ. ಹರ್ನಿಯಾ, ಅಂದರೆ ಹೊಟ್ಟೆಯ ಗೋಡೆ ಸಡಿಲಾದ ಕಡೆ ಒಳಗಿನ ಕರುಳು ಹೊರಗೆ ಉಬ್ಬುವುದು ಅಂತ ನೋಡಿದ ಕೂಡಲೇ ಎಲ್ಲರೂ ಹೇಳಿದರು. ಏನು ಮಾಡಬೇಕು ಅನ್ನುವಲ್ಲಿ ಮಾತ್ರ ಒಬ್ಬೊಬ್ಬರದು ಒಂದೊಂದು ರಾಗ. ಒಬ್ಬ ಡಾಕ್ಟರ್ ಈ ವಾರವೇ ಆಪರೇಷನ್ ಆಗಬೇಕು ಅಂದರು. ಇನ್ನೊಬ್ಬರು ಲ್ಯಾಪ್ರೋಸ್ಕೋಪಿಯಲ್ಲಿ (ಸಣ್ಣ ತೂತು ಮಾಡಿ ದುರ್ಬೀನು ಹಾಕಿ ಮಾಡುವ ಆಪರೇಷನ್) ದುಬಾರಿ ಮೆಶ್, ಅಂದರೆ ಬಲೆಯಂಥ ತುಂಡು, ಕೂರಿಸಿದರೆ ಮಾತ್ರ ಗ್ಯಾರಂಟಿ ಅಂದರು. ಮಿಲ್ಲಿನ ಹಿರಿಯ ಹಮಾಲಿಯೊಬ್ಬರು, 'ಲಂಗೋಟಿ ಬಿಗಿಯಾಗಿ ಕಟ್ಟು, ನಂದು ಹದಿನೈದು ವರ್ಷದಿಂದ ಹಂಗೇ ಐತಿ' ಅಂದರು. ಚಿಕ್ಕಪ್ಪ ನನ್ನ ಮುಂದೆ ಕೂತು ಕೇಳಿದ್ದು ಒಂದೇ ಪ್ರಶ್ನೆ: 'ಇವರಾಗ ಯಾರ್ದು ಖರೆ?'

ಮೂವರಲ್ಲಿ ಯಾರೂ ಸುಳ್ಳು ಹೇಳುತ್ತಿರಲಿಲ್ಲ, ಫಜೀತಿ ಇರುವುದೇ ಅಲ್ಲಿ. ಮೊದಲ ಡಾಕ್ಟರಿಗೆ ನೆನಪಿರುವುದು ಕರುಳು ಸಿಕ್ಕಿಹಾಕಿಕೊಂಡು ಕಪ್ಪಗಾಗಿ ರಾತ್ರಿ ಎರಡು ಗಂಟೆಗೆ ಬಂದ ರೋಗಿ. ಅಂಥ ಒಂದು ಕೇಸ್ ನೋಡಿದರೆ ಸಾಕು, ಸಾಯೋ ತನಕ ಮರೆಯುವುದಿಲ್ಲ. ಎರಡನೆಯವರಿಗೆ ಖುಷಿಯಿಂದ ವಾಪಸ್ ಬಂದು ಕೈಮುಗಿದವರ ಮುಖಗಳು ನೆನಪಿವೆ. ಹಿರಿಯ ಹಮಾಲಿಗೆ ತನ್ನದೇ ಮೈ ನೆನಪಿದೆ. ವಾಪಸ್ ಬಾರದವರ ಮುಖ ಯಾರಿಗೂ ನೆನಪಿಲ್ಲ, ಅವರು ಮತ್ತೆ ಕಣ್ಣಿಗೇ ಬೀಳಲಿಲ್ಲವಲ್ಲ. ಕ್ಲಿನಿಕಲ್ ರಿಸರ್ಚ್ ಅಂದ ಕೂಡಲೇ ನಮಗೆ ಇಲಿ, ಲ್ಯಾಬು, ಹೊಸ ಔಷಧಿ ಅಂತೆಲ್ಲ ನೆನಪಾಗುತ್ತದೆ. ಆಪರೇಷನ್ ವಿಷಯದಲ್ಲಿ ಅದು ಇಷ್ಟೇ: ಒಂದೇ ಥರದ ಕಾಯಿಲೆ ಇರುವ ನೂರಾರು ಜನರನ್ನು ತೆಗೆದುಕೊಂಡು, ಕೆಲವರಿಗೆ ಹೀಗೆ, ಕೆಲವರಿಗೆ ಹಾಗೆ ಮಾಡಿ, ಎಲ್ಲರನ್ನೂ ಅವರವರ ಮನೆ ತನಕ ಬೆನ್ನುಹತ್ತಿ ಏನಾಯ್ತು ಅಂತ ಎಣಿಸುವುದು. ಎಣಿಸುವುದು ಸುಲಭ. ಬೆನ್ನು ಹತ್ತುವುದೇ ಕಷ್ಟ.

ನಾನು ಡಾಕ್ಟರ್ ಅಲ್ಲ, ಇದನ್ನು ಓದಿ ಯಾರೂ ಔಷಧಿ ಬಿಡಬೇಡಿ, ಆಪರೇಷನ್ ಮುಂದೂಡಬೇಡಿ. ಚಿಕ್ಕಪ್ಪನ ಪ್ರಶ್ನೆ ಹಿಡಿದು ನಾನು ಓದಿಕೊಂಡಿದ್ದನ್ನು ಬರೆಯುತ್ತಿದ್ದೇನೆ, ಅಷ್ಟೇ.

ಅವರ ಪ್ರಶ್ನೆಯನ್ನೇ ಅಮೆರಿಕದ ಸರ್ಜನ್‌ಗಳು ಕೇಳಿಕೊಂಡಿದ್ದರು. ಹರ್ನಿಯಾ ಇದೆ, ಆದರೆ ತೊಂದರೆ ಹೆಚ್ಚಿಲ್ಲ. ಆಗ ಕತ್ತರಿಸಲೇಬೇಕಾ, ಕಾದು ನೋಡಬಹುದಾ? 720 ಗಂಡಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆಪರೇಷನ್ ಮಾಡಿದರು, ಇನ್ನೊಂದನ್ನು ಸುಮ್ನೆ ಗಮನಿಸಿದರು. 2006ರಲ್ಲಿ ಫಲಿತಾಂಶ ಬಂತು. ಕಾದವರಲ್ಲಿ ಕರುಳು ಸಿಕ್ಕಿಹಾಕಿಕೊಳ್ಳುವಂಥ ಅನಾಹುತ ತುಂಬಾ ಅಪರೂಪ. ಸಾವಿರ ಜನ ಒಂದು ವರ್ಷ ಕಾದರೆ ಸುಮಾರು ಇಬ್ಬರಿಗೆ ಆಗುವಷ್ಟು. ಅಂದರೆ ಲಂಗೋಟಿಯ ಹಿರಿಯರು ಪೂರ್ತಿ ತಪ್ಪೇನೂ ಹೇಳಿರಲಿಲ್ಲ!

ಆದರೆ ಕತೆ ಅಲ್ಲಿಗೆ ನಿಲ್ಲಲಿಲ್ಲ. ಅದೇ ಜನರನ್ನು ಮತ್ತೂ ಹಿಂಬಾಲಿಸಿದರು. ಎರಡು ವರ್ಷದಲ್ಲಿ ಕಾದವರ ಪೈಕಿ ಶೇ 23ರಷ್ಟು ಜನ ತಾವಾಗಿಯೇ ಬಂದು ಆಪರೇಷನ್ ಮಾಡಿಸಿಕೊಂಡಿದ್ದರು. ಹತ್ತು ವರ್ಷಕ್ಕೆ ಅದು ಶೇ 68 ಆಯಿತು. ಹೆಚ್ಚಿನವರದು ಒಂದೇ ಕಾರಣ, ನೋವು. ಎರಡು ವರ್ಷಕ್ಕೆ ಪುಸ್ತಕ ಮುಚ್ಚಿದ್ದರೆ 'ಕಾಯಬಹುದು' ಅನ್ನುವುದೇ ಕೊನೆಯ ಮಾತಾಗುತ್ತಿತ್ತು. ಹತ್ತು ವರ್ಷ ನೋಡಿದ್ದಕ್ಕೆ 'ಕಾಯಬಹುದು, ಆದರೆ ಬಹಳ ಮಂದಿಗೆ ಇವತ್ತಲ್ಲ ನಾಳೆ ಆಪರೇಷನ್ ಬೇಕಾಗುತ್ತದೆ' ಅಂತ ಗೊತ್ತಾಯಿತು. ಇನ್ನೊಂದು ವಿಷಯ. ಆ 720 ಜನರೂ ಗಂಡಸರು, ತೊಂದರೆ ತೀರಾ ಕಡಿಮೆ ಇದ್ದವರು. ಹೆಂಗಸರಿಗೆ ಆ ಲೆಕ್ಕ ಹೊಂದುವುದಿಲ್ಲ, ಅವರಲ್ಲಿ ತೊಡೆಯ ಬುಡದಲ್ಲಿ ಬರುವ ಇನ್ನೊಂದು ಥರದ ಹರ್ನಿಯಾ ಜಾಸ್ತಿ, ಅದು ಸಿಕ್ಕಿಹಾಕಿಕೊಳ್ಳುವ ಅಪಾಯವೂ ಜಾಸ್ತಿ. ಚೀಲ ಎತ್ತಿದಾಗಲೆಲ್ಲ ಹಲ್ಲು ಕಚ್ಚುತ್ತಿದ್ದ ಚಿಕ್ಕಪ್ಪನಿಗೂ ಅದು ಹೊಂದುತ್ತಿರಲಿಲ್ಲ. ಯಾವುದೇ ಅಧ್ಯಯನ ಓದುವಾಗ ಮೊದಲು ನೋಡಬೇಕಾದ್ದು ಇದನ್ನೇ. ಅದರಲ್ಲಿದ್ದವರು ನಮ್ಮಂಥವರಾ?

ಇಷ್ಟಕ್ಕೂ ಎರಡು ಗುಂಪು ಮಾಡುವುದು ಹೇಗೆ? ಇದನ್ನು ಚಿಕ್ಕಪ್ಪನಿಗೆ ಹೇಳಲು ಕಾಲುವೆ ಸಾಕಾಯಿತು. ತುಂಗಭದ್ರಾ ಎಡದಂಡೆ ಕಾಲುವೆ ಮುನಿರಾಬಾದಿನಿಂದ ಹೊರಟು ಗಂಗಾವತಿ, ಸಿಂಧನೂರು, ಮಾನ್ವಿ ದಾಟಿ ರಾಯಚೂರು ಕಡೆ ಹೋಗುತ್ತದೆ. ಮೇಲ್ಭಾಗದ ಗದ್ದೆಗೆ ನೀರೋ ನೀರು. ಟೇಲ್ ಎಂಡ್ ರೈತರು ನೀರು ಬಿಡಿ ಅಂತ ರಸ್ತೆಗೆ ಇಳಿಯಬೇಕು. ಈಗ ಒಂದು ಬೀಜದ ಕಂಪನಿಯವನು ಹೊಸ ತಳಿಯನ್ನು ಗಂಗಾವತಿ ಗದ್ದೆಯಲ್ಲಿ ಹಾಕಿ, ಹಳೇ ತಳಿಯನ್ನು ಮಾನ್ವಿಯ ಕೊನೆ ಹೊಲದಲ್ಲಿ ಹಾಕಿ, 'ನೋಡಿ ಹೊಸದು ಎಷ್ಟು ಇಳುವರಿ ಕೊಟ್ಟಿತು' ಅಂದರೆ ನೀವು ನಂಬುತ್ತೀರಾ? 'ಅವ ಬೀಜ ಮಾರಂಗಿಲ್ಲ, ನೀರು ಮಾರ್ತಾನ' ಅಂದರು ಚಿಕ್ಕಪ್ಪ.

ಆಪರೇಷನ್‌ನಲ್ಲೂ ಇದೇ ಆಟ ನಡೆಯುತ್ತದೆ, ಎಷ್ಟೋ ಸಲ ಯಾರೂ ಬೇಕಂತ ಆಡದಿದ್ದರೂ. ಲ್ಯಾಪ್ರೋಸ್ಕೋಪಿ ಯಾರಿಗೆ ಮಾಡುತ್ತಾರೆ? ವಯಸ್ಸು ಚಿಕ್ಕದು, ಸಕ್ಕರೆ ಕಾಯಿಲೆ ಇಲ್ಲ, ಹಗಲು ಹೊತ್ತು ನಡೆದುಕೊಂಡು ಬಂದು ಅಡ್ಮಿಟ್ ಆದವರು. ದೊಡ್ಡ ಗಾಯ ಮಾಡಿ ಮಾಡುವ ಹಳೇ ಆಪರೇಷನ್ ಯಾರಿಗೆ? ಮೂರು ದಿನ ಹೊಟ್ಟೆನೋವು ತಡೆದುಕೊಂಡು, ಊರಲ್ಲಿ ಎರಡು ಕಡೆ ಇಂಜೆಕ್ಷನ್ ಹಾಕಿಸಿಕೊಂಡು, ಕೊನೆಗೆ ಟಂಟಂನಲ್ಲಿ ಮಲಗಿಸಿಕೊಂಡು ಬಂದವರಿಗೆ. ಇವೆರಡನ್ನು ನೇರವಾಗಿ ಹೋಲಿಸಿದರೆ ಲ್ಯಾಪ್ರೋಸ್ಕೋಪಿ ಶುರುವಾಗುವ ಮೊದಲೇ ಗೆದ್ದಾಯಿತು. ಅದಕ್ಕೇ ಯಾರಿಗೆ ಯಾವುದು ಅನ್ನುವುದನ್ನು ಡಾಕ್ಟರ್ ಕೈಯಿಂದ ಕಿತ್ತುಕೊಂಡು ಚೀಟಿ ಎತ್ತಿದಂತೆ ಹಂಚುತ್ತಾರೆ. ಈಗ ಆ ಚೀಟಿ ಎತ್ತುವ ಕೆಲಸ ಕಂಪ್ಯೂಟರಿನದು. ಎಷ್ಟು ಪ್ರಾಮಾಣಿಕ ಡಾಕ್ಟರ್ ಆದರೂ ಮನಸ್ಸು ಒಂದು ಕಡೆ ವಾಲುತ್ತದೆ, ಚೀಟಿ ವಾಲುವುದಿಲ್ಲ. ಮುದುಕರು, ಸಕ್ಕರೆ ಇರುವವರು, ಬೀಡಿ ಸೇದುವವರು ಎರಡೂ ಕಡೆ ಹೆಚ್ಚು ಕಡಿಮೆ ಸಮವಾಗಿ ಬೀಳುತ್ತಾರೆ. ರೋಗಿಯ ಜೀವದ ಮೇಲೆ ಚೀಟಿ ಎತ್ತುವುದು ಅಂದರೆ ಕೇಳಲು ಒಂಥರಾ ಅನಿಸುತ್ತದೆ, ಅಲ್ವಾ? ಯಾವುದು ಒಳ್ಳೆಯದು ಅಂತ ನಿಜವಾಗಿಯೂ ಯಾರಿಗೂ ಗೊತ್ತಿಲ್ಲದಾಗ ಮಾತ್ರ ಹಾಗೆ ಮಾಡಬಹುದು. ಗೊತ್ತಿದ್ದೂ ಮಾಡಿದರೆ ಅದು ಅನ್ಯಾಯ.

ಒಂದು ಹೆಜ್ಜೆ ಮುಂದೆ ಹೋದವರೂ ಇದ್ದಾರೆ. ಅಮೆರಿಕದ ಹ್ಯೂಸ್ಟನ್‌ನಲ್ಲಿ ಮಂಡಿ ಸವೆದ 180 ಜನರಲ್ಲಿ ಕೆಲವರಿಗೆ ದುರ್ಬೀನು ಹಾಕಿ ಕ್ಲೀನ್ ಮಾಡಿದರು. ಇನ್ನು ಕೆಲವರಿಗೆ ಚರ್ಮ ಮಾತ್ರ ಸ್ವಲ್ಪ ಕೊಯ್ದು ಹೊಲಿದರು, ಒಳಗೆ ಏನೂ ಮಾಡಲಿಲ್ಲ. ಯಾರಿಗೆ ಏನಾಗಿದೆ ಅಂತ ರೋಗಿಗೆ ಗೊತ್ತಿಲ್ಲ. 2002ರಲ್ಲಿ ಲೆಕ್ಕ ಹಾಕಿದಾಗ ಎರಡು ವರ್ಷದ ನಂತರವೂ ಎರಡೂ ಗುಂಪಿನ ನೋವು ಒಂದೇ ಥರ ಇತ್ತು. ಇದು ಮೂಳೆ ಡಾಕ್ಟರುಗಳ ವಿಷಯ, ಜನರಲ್ ಸರ್ಜರಿಯದಲ್ಲ. ಆದರೂ 'ಆಪರೇಷನ್ ಆಯ್ತು, ಕಡಿಮೆ ಆಯ್ತು' ಅನ್ನುವ ಮಾತನ್ನು ಕೇಳಿದಾಗಲೆಲ್ಲ ನನಗೆ ಇದೇ ನೆನಪಾಗುತ್ತದೆ.

ಈಗ ಬೆನ್ನು ಹತ್ತುವ ವಿಷಯ. ನನ್ನ ಪ್ರಕಾರ ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಇದಕ್ಕಿಂತ ದೊಡ್ಡ ತೊಡಕು ಬೇರೆ ಇಲ್ಲ. ಒಂದು ಲೆಕ್ಕ ಮಾಡೋಣ, ಸುಮ್ನೆ ಉದಾಹರಣೆಗೆ. ಒಂದು ಆಸ್ಪತ್ರೆಯಲ್ಲಿ ನೂರು ಜನಕ್ಕೆ ಹರ್ನಿಯಾ ಆಪರೇಷನ್ ಆಯಿತು. ವರ್ಷದ ನಂತರ ಕರೆದಾಗ 60 ಜನ ಬಂದರು. ಅದರಲ್ಲಿ 3 ಜನಕ್ಕೆ ಮತ್ತೆ ಉಬ್ಬು ಬಂದಿತ್ತು. ಡಾಕ್ಟರ್ 'ಮರುಕಳಿಸಿದ್ದು ಶೇ 5' ಅಂತ ಬರೆಯುತ್ತಾರೆ. ಚೆನ್ನಾಗಿದೆ. ಉಳಿದ 40 ಜನ ಎಲ್ಲಿ? ಗುಳೆ ಹೋಗಿದ್ದಾರೆ. ಮಸ್ಕಿ, ದೇವದುರ್ಗ, ಕುಷ್ಟಗಿ ಕಡೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಎಷ್ಟು ಮನೆಗೆ ಬೀಗ ಬಿದ್ದಿರುತ್ತದೆ ಅಂತ ನೋಡಿದವರಿಗೆ ಗೊತ್ತು. ಬೆಂಗಳೂರಿನ ಯಾವುದೋ ಕಟ್ಟಡದ ಶೆಡ್ಡಿನಲ್ಲಿ ಇಟ್ಟಿಗೆ ಹೊರುತ್ತಿರುವ ಆ ಮನುಷ್ಯನಿಗೆ ಉಬ್ಬು ಮತ್ತೆ ಬಂದಿದ್ದರೆ ಅವನು ಅಲ್ಲೇ ಹತ್ತಿರದ ಆಸ್ಪತ್ರೆಗೆ ಹೋಗುತ್ತಾನೆ, ಇಲ್ಲಿಗೆ ಬರುವುದಿಲ್ಲ. ಆ 40ರಲ್ಲಿ 10 ಜನಕ್ಕೆ ಮತ್ತೆ ಬಂದಿದ್ದರೆ ನೂರಕ್ಕೆ 13 ಆಯಿತು, 5 ಅಲ್ಲ. ಉಲ್ಟಾ ಕೂಡ ಆಗಬಹುದು. ಆರಾಮಾಗಿ ಇರುವವನು ಯಾಕೆ ಒಂದು ದಿನದ ಕೂಲಿ ಬಿಟ್ಟು, ಬಸ್ ಚಾರ್ಜ್ ಹಾಕಿಕೊಂಡು ಬರುತ್ತಾನೆ? ಆಗ 40ರಲ್ಲಿ ಒಬ್ಬನಿಗೂ ಬಂದಿರಲಿಕ್ಕಿಲ್ಲ, ಲೆಕ್ಕ ನೂರಕ್ಕೆ 3. ಅಂದರೆ ಆ 'ಶೇ 5' ಅನ್ನುವ ಅಂಕಿ 3ಕ್ಕೂ 13ಕ್ಕೂ ನಡುವೆ ಎಲ್ಲೋ ತೇಲುತ್ತಿದೆ. ಯಾವುದೇ ಅಧ್ಯಯನ ಸಿಕ್ಕರೆ ನಾನು ಹುಡುಕುವುದು ಎಷ್ಟು ಜನಕ್ಕೆ ಆಪರೇಷನ್ ಆಯಿತು ಅನ್ನುವುದನ್ನಲ್ಲ, ಕೊನೆಗೆ ಎಷ್ಟು ಜನ ಸಿಕ್ಕರು ಅನ್ನುವುದನ್ನ.

ಮನಸ್ಸು ಮಾಡಿದರೆ ಆಗುತ್ತದೆ ಅನ್ನುವುದಕ್ಕೆ ಉಗಾಂಡಾದ ಅಧ್ಯಯನ ನೋಡಿ. ಅದರ ಬೇರು ಇರುವುದು ನಮ್ಮ ಪಕ್ಕದ ಮಹಾರಾಷ್ಟ್ರದಲ್ಲಿ. ಧುಳೆ ಜಿಲ್ಲೆಯ ದೊಂಡಾಯಿಚಾ ಅನ್ನುವ ಸಣ್ಣ ಊರಿನ ಸರ್ಜನ್ ಡಾ. ರವೀಂದ್ರನಾಥ ತೊಂಗಾಂವಕರ್. ಹರ್ನಿಯಾಕ್ಕೆ ಒಳಗೆ ಹಾಕುವ ಕಂಪನಿ ಮೆಶ್ ಬಡವರ ಕೈಗೆ ಎಟುಕುವುದಿಲ್ಲ ಅಂತ ಅವರು ಸೊಳ್ಳೆಪರದೆಯ ಬಟ್ಟೆಯನ್ನೇ ಕತ್ತರಿಸಿ, ಸ್ಟೆರಿಲೈಸ್ ಮಾಡಿ ಬಳಸಿದರು. ಬೇರೆ ಸರ್ಜನ್‌ಗಳ ಜೊತೆ ಸೇರಿ 2003ರಲ್ಲಿ 359 ಹರ್ನಿಯಾಗಳ ಲೆಕ್ಕ ಪ್ರಕಟಿಸಿದರು. ಆಗ ಚೀಟಿ ಎತ್ತಿರಲಿಲ್ಲ, ಹೋಲಿಸಲು ಇನ್ನೊಂದು ಗುಂಪು ಇರಲಿಲ್ಲ, ಹಾಗಾಗಿ ದೊಡ್ಡ ಆಸ್ಪತ್ರೆಯವರಿಗೆ ಅಷ್ಟು ನಂಬಿಕೆ ಬರಲಿಲ್ಲ. ಮುಂದೆ ಸ್ವೀಡನ್ ಮತ್ತು ಉಗಾಂಡಾದ ಸರ್ಜನ್‌ಗಳು 302 ಗಂಡಸರಿಗೆ ಚೀಟಿ ಎತ್ತಿ, ಅರ್ಧ ಜನಕ್ಕೆ ಸೊಳ್ಳೆಪರದೆ ಬಲೆ, ಅರ್ಧ ಜನಕ್ಕೆ ಕಂಪನಿ ಮೆಶ್ ಹಾಕಿದರು. ಪರದೆಯ ತುಂಡಿಗೆ ಒಂದು ಡಾಲರ್ ಆಸುಪಾಸು, ಕಂಪನಿಯದಕ್ಕೆ ನೂರು ಡಾಲರ್‌ಗೂ ಜಾಸ್ತಿ. ವರ್ಷದ ನಂತರ ಹುಡುಕಿದಾಗ ಶೇ 95ಕ್ಕಿಂತ ಜಾಸ್ತಿ ಜನ ಸಿಕ್ಕರು. ಪೂರ್ವ ಉಗಾಂಡಾದ ಹಳ್ಳಿಗಳಲ್ಲಿ! ಪರದೆ ಹಾಕಿದವರಲ್ಲಿ ಒಬ್ಬನಿಗೆ ಹರ್ನಿಯಾ ಮರಳಿತು, ಕಂಪನಿ ಮೆಶ್‌ನವರಲ್ಲಿ ಯಾರಿಗೂ ಇಲ್ಲ. ಸಣ್ಣಪುಟ್ಟ ತೊಂದರೆ ಎರಡೂ ಕಡೆ ತಲಾ 44 ಜನಕ್ಕೆ. 2016ರಲ್ಲಿ ಇದು ಪ್ರಕಟವಾದಾಗ ಜಗತ್ತಿನ ಸರ್ಜನ್‌ಗಳೆಲ್ಲ ತಿರುಗಿ ನೋಡಿದರು. (ಸೊಳ್ಳೆಪರದೆ ಅಂದ ಕೂಡಲೇ ಮನೆಯ ಮಂಚದ ಮೇಲಿನದನ್ನು ನೋಡಬೇಡಿ. ಬಟ್ಟೆಯ ಜಾತಿ ಬೇರೆ, ಅದನ್ನು ಶುದ್ಧ ಮಾಡುವ ಕ್ರಮವೂ ಬೇರೆ.)

ಎಷ್ಟು ದಿನ ನೋಡಬೇಕು ಅನ್ನುವುದರ ಮೇಲೂ ಸತ್ಯ ಬದಲಾಗುತ್ತದೆ. ಆಪರೇಷನ್ ಆದ ಮೂರನೇ ದಿನ ಡಿಸ್ಚಾರ್ಜ್. ಗಾಯ ಒಣಗಿದೆ, ರಿಜಿಸ್ಟರ್‌ನಲ್ಲಿ 'ಚೆನ್ನಾಗಿದೆ'. ಒಂಬತ್ತನೇ ದಿನ ಮನೆಯಲ್ಲಿ ಗಾಯ ಕೆಂಪಾಗಿ ಕೀವು ಬರುತ್ತದೆ. ಮಾರ್ಚ್ ಕಳೆದ ಮೇಲೆ ನಮ್ಮ ಕಡೆಯ ಬಿಸಿಲು, ತಗಡಿನ ಮನೆ, ಬೆವರು, ಕೇಳಬೇಕೇ? ಊರಿನ ಡಾಕ್ಟರ್ ಹೊಲಿಗೆ ಎರಡು ಬಿಚ್ಚಿ, ಕೀವು ತೆಗೆದು, ಇಂಜೆಕ್ಷನ್ ಕೊಟ್ಟು ಗುಣ ಮಾಡುತ್ತಾರೆ. ಆಪರೇಷನ್ ಮಾಡಿದ ಆಸ್ಪತ್ರೆಯ ಲೆಕ್ಕದಲ್ಲಿ ಇದು ನಡೆದೇ ಇಲ್ಲ. ಅದಕ್ಕೇ ಗಾಯದ ಸೋಂಕನ್ನು 30 ದಿನ ನೋಡಬೇಕು, ಮೆಶ್‌ನಂಥ ವಸ್ತು ಒಳಗಿಟ್ಟಿದ್ದರೆ 90 ದಿನ ನೋಡಬೇಕು ಅಂತ ನಿಯಮ ಮಾಡಿಕೊಂಡಿದ್ದಾರೆ. ಹಾಗೆ 30 ದಿನ ನೋಡಿದಾಗ ಏನು ಕಂಡಿತು? 66 ದೇಶಗಳ 343 ಆಸ್ಪತ್ರೆಗಳಲ್ಲಿ ಹೊಟ್ಟೆಯ ಆಪರೇಷನ್ ಆದ 12,539 ಜನರ ಲೆಕ್ಕ 2018ರಲ್ಲಿ ಬಂತು. ಶ್ರೀಮಂತ ದೇಶಗಳಲ್ಲಿ ಸೋಂಕು ಶೇ 9.4, ನಡುವಿನ ದೇಶಗಳಲ್ಲಿ ಶೇ 14, ಬಡ ದೇಶಗಳಲ್ಲಿ ಶೇ 23.2.

ಇದನ್ನು ಕಡಿಮೆ ಮಾಡುವುದು ಹೇಗೆ ಅಂತ ಭಾರತವೂ ಸೇರಿ ಏಳು ದೇಶಗಳಲ್ಲಿ ಎರಡು ದೊಡ್ಡ ಪರೀಕ್ಷೆ ನಡೆದವು. ಮೊದಲನೆಯದರ ಹೆಸರು ಫಾಲ್ಕನ್. ಚರ್ಮಕ್ಕೆ ಹಚ್ಚುವ ದುಬಾರಿ ದ್ರಾವಣ ಮತ್ತು ಸೋಂಕುನಾಶಕ ಸವರಿದ ದುಬಾರಿ ದಾರ, ಇವು ಮಾಮೂಲಿ ಅಯೋಡಿನ್‌ಗಿಂತ, ಮಾಮೂಲಿ ದಾರಕ್ಕಿಂತ ಉತ್ತಮವಾ? ಇವನ್ನು ಬಳಸಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಹೇಳಿತ್ತು, ಆದರೆ ಆ ಮಾತಿಗೆ ಆಧಾರವಾಗಿದ್ದ ಅಧ್ಯಯನಗಳು ಬಹುಪಾಲು ಶ್ರೀಮಂತ ದೇಶಗಳವು. 5,788 ಜನರ ಮೇಲೆ ನೋಡಿದಾಗ, 2021ರಲ್ಲಿ ಬಂದ ಉತ್ತರ: ವ್ಯತ್ಯಾಸ ಇಲ್ಲ. ಒಟ್ಟು ಸೋಂಕು ಶೇ 22, ದುಬಾರಿದು ಹಾಕಿದರೂ ಅಷ್ಟೇ, ಅಗ್ಗದ್ದು ಹಾಕಿದರೂ ಅಷ್ಟೇ. ಎರಡನೆಯದು ಚೀತಾ. ಅದರ ಪ್ರಶ್ನೆ ಎಷ್ಟು ಸಣ್ಣದು ಅಂದರೆ ಕೇಳಿದವರಿಗೆ ನಗು ಬರಬೇಕು. ಹೊಟ್ಟೆಯ ಆಪರೇಷನ್ ಮುಗಿದು, ಗಾಯ ಹೊಲಿಯುವ ಮೊದಲು, ಎಲ್ಲರೂ ಗ್ಲೌಸ್ ಬದಲಿಸಿ ಹೊಸ ಕತ್ತರಿ ಚಿಮಟ ತೆಗೆದುಕೊಂಡರೆ? ಕರುಳು ಮುಟ್ಟಿದ ಕೈ ಚರ್ಮ ಮುಟ್ಟಬಾರದು, ಇಷ್ಟೇ ತರ್ಕ. ನಮ್ಮ ಅಜ್ಜಿ ಎಂಜಲು ಮುಸುರೆ ಅಂತ ಅಡುಗೆಮನೆಯಲ್ಲಿ ಮಾಡುತ್ತಿದ್ದದ್ದು ಇದನ್ನೇ ಅಲ್ವಾ? 81 ಆಸ್ಪತ್ರೆ, 13,301 ಜನ. ಇಲ್ಲಿ ರೋಗಿಗಳಿಗೆ ಚೀಟಿ ಎತ್ತಲಿಲ್ಲ, ಆಸ್ಪತ್ರೆಗಳಿಗೇ ಎತ್ತಿದರು. ಒಂದೇ ಥಿಯೇಟರಿನಲ್ಲಿ ಒಬ್ಬರಿಗೆ ಗ್ಲೌಸ್ ಬದಲಿಸಿ ಇನ್ನೊಬ್ಬರಿಗೆ ಬೇಡ ಅಂದರೆ ಅಭ್ಯಾಸ ಕಲಸುಮೇಲೋಗರ ಆಗುತ್ತದಲ್ಲ, ಅದಕ್ಕೆ. 2022ರ ಫಲಿತಾಂಶ: ಎಂದಿನಂತೆ ಮಾಡಿದ ಕಡೆ ಸೋಂಕು ಶೇ 18.9, ಬದಲಿಸಿದ ಕಡೆ ಶೇ 16. ಅಂದರೆ ಸುಮಾರು 35 ಜನಕ್ಕೆ ಗ್ಲೌಸ್ ಬದಲಿಸಿದರೆ ಒಬ್ಬರ ಗಾಯ ಕೀವಾಗದೆ ಉಳಿಯುತ್ತದೆ.

ಇಷ್ಟು ಸಣ್ಣ ವ್ಯತ್ಯಾಸಕ್ಕೆ 13 ಸಾವಿರ ಜನ ಯಾಕೆ ಬೇಕು? ಭತ್ತ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಎರಡು ರಾಶಿ ಇವೆ. ಒಂದರಲ್ಲಿ ನೂರು ಕಾಳಿಗೆ 19 ಜೊಳ್ಳು, ಇನ್ನೊಂದರಲ್ಲಿ 16. ಒಂದೊಂದು ಹಿಡಿ ತೆಗೆದು ಊದಿ ನೋಡಿದರೆ ಯಾವುದು ಒಳ್ಳೇ ರಾಶಿ ಅಂತ ಹೇಳಲಿಕ್ಕಾಗುತ್ತದಾ? ಒಮ್ಮೆ ಇದು ಗೆಲ್ಲುತ್ತದೆ, ಒಮ್ಮೆ ಅದು. ಒಂದರಲ್ಲಿ 50 ಜೊಳ್ಳು ಇದ್ದಿದ್ದರೆ ಒಂದು ಹಿಡಿ ಸಾಕಿತ್ತು. ವ್ಯತ್ಯಾಸ ಸಣ್ಣದಾದಷ್ಟೂ ಜಾಸ್ತಿ ಕಾಳು ಎಣಿಸಬೇಕು. ಅದಕ್ಕೇ ಐವತ್ತು ಅರವತ್ತು ರೋಗಿಗಳ ಅಧ್ಯಯನವೊಂದು 'ಎರಡೂ ವಿಧಾನ ಸಮ' ಅಂದರೆ ಅದನ್ನು ಎರಡೂ ಸಮ ಅಂತ ಓದಬಾರದು. ವ್ಯತ್ಯಾಸ ಇದ್ದರೂ ಇವರ ಹಿಡಿಯಲ್ಲಿ ಕಾಣಲಿಲ್ಲ ಅಂತ ಓದಬೇಕು.

ಅಂಕಿ ಸರಿಯಾಗಿದ್ದರೂ ಅದರ ಅರ್ಥ ಕೇಳುವವರ ಮೇಲೆ ಹೋಗುತ್ತದೆ. ಅಪೆಂಡಿಕ್ಸ್ ತೆಗೆದುಕೊಳ್ಳಿ. ಫಿನ್‌ಲೆಂಡ್‌ನಲ್ಲಿ 530 ಜನರಲ್ಲಿ ಅರ್ಧ ಜನಕ್ಕೆ ಆಪರೇಷನ್, ಉಳಿದವರಿಗೆ ಬರೀ ಆ್ಯಂಟಿಬಯಾಟಿಕ್ ಕೊಟ್ಟರು. ಎಲ್ಲರಿಗೂ ಮೊದಲೇ ಸಿಟಿ ಸ್ಕ್ಯಾನ್ ಮಾಡಿ, ಒಡೆದಿಲ್ಲ, ಒಳಗೆ ಕಲ್ಲು ಸಿಕ್ಕಿಲ್ಲ ಅಂತ ಖಾತ್ರಿ ಮಾಡಿಕೊಂಡಿದ್ದರು. ಔಷಧಿ ತೆಗೆದುಕೊಂಡವರಲ್ಲಿ ವರ್ಷದೊಳಗೆ ಶೇ 27 ಜನಕ್ಕೆ ಆಪರೇಷನ್ ಬೇಕಾಯಿತು. ಐದು ವರ್ಷಕ್ಕೆ ನೋಡಿದರೆ ಶೇ 39 ಜನಕ್ಕೆ ನೋವು ಮರಳಿತ್ತು. ಅಮೆರಿಕದ 1,552 ಜನರ ಅಧ್ಯಯನ 2020ರಲ್ಲಿ ಬಂತು. ಅಲ್ಲಿ ಔಷಧಿ ತೆಗೆದುಕೊಂಡವರಲ್ಲಿ ಮೂರು ತಿಂಗಳಲ್ಲೇ ಶೇ 29 ಜನಕ್ಕೆ ಆಪರೇಷನ್ ಆಯಿತು, ಅಪೆಂಡಿಕ್ಸ್ ಒಳಗೆ ಕಲ್ಲು ಇದ್ದವರಲ್ಲಂತೂ ಶೇ 41.

ಬಳ್ಳಾರಿಯಲ್ಲಿ ಆಸ್ಪತ್ರೆಯಿಂದ ಎರಡು ಕಿಲೋಮೀಟರ್ ದೂರದಲ್ಲಿರುವ ಬ್ಯಾಂಕ್ ನೌಕರ ಇದನ್ನು ಓದಿ 'ನೂರಕ್ಕೆ ಅರವತ್ತು ಮಂದಿ ಚಾಕುವಿನಿಂದ ತಪ್ಪಿಸಿಕೊಂಡರು, ನಾನೂ ನೋಡುತ್ತೇನೆ' ಅನ್ನಬಹುದು. ನೋವು ಮರಳಿದರೆ ಆಟೋ ಹತ್ತಿ ಬಂದರಾಯಿತು. ಮುಂದಿನ ವಾರ ಗೋವಾಕ್ಕೆ ದುಡಿಯಲು ಹೊರಟ ಲಿಂಗಸುಗೂರಿನ ಹುಡುಗನಿಗೆ ಅದೇ ಅಂಕಿ 'ಊರು ಕೇರಿ ಗೊತ್ತಿಲ್ಲದ ಕಡೆ ನಡುರಾತ್ರಿ ನೋವು ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು' ಅಂತ ಕೇಳಿಸುತ್ತದೆ. ಇಬ್ಬರೂ ಸರಿ. ಅಧ್ಯಯನ ಅಂಕಿ ಕೊಡುತ್ತದೆ, ಅದನ್ನು ಬದುಕಿಗೆ ತಗಲಿಸುವ ಕೆಲಸ ಡಾಕ್ಟರ್ ಮತ್ತು ರೋಗಿ ಕೂತು ಮಾತಾಡಿ ಮಾಡಬೇಕು. ನಮ್ಮ ಒಪಿಡಿಗಳಲ್ಲಿ ಒಬ್ಬರಿಗೆ ಸಿಗುವ ಎರಡು ನಿಮಿಷದಲ್ಲಿ ಅದು ಹೇಗೆ ಸಾಧ್ಯ ಅಂತ ಮಾತ್ರ ನನ್ನನ್ನು ಕೇಳಬೇಡಿ.

ಪಿತ್ತಕೋಶದ ಕಲ್ಲಿನ ವಿಷಯದಲ್ಲೂ ಹೀಗೆ ಒಂದು ಹಳೇ ರೂಢಿ ಅಲ್ಲಾಡಿತು. ಕಲ್ಲು ಸಿಕ್ಕಿ ಪಿತ್ತಕೋಶ ಊದಿಕೊಂಡರೆ 'ಈಗ ಬೇಡ, ಕೂಲ್ ಆಗಲಿ, ಆರು ವಾರ ಬಿಟ್ಟು ಬನ್ನಿ' ಅಂತ ಕಳಿಸುವುದಿತ್ತು. ಈಗಲೂ ಎಷ್ಟೋ ಕಡೆ ಇದೆ. ಜರ್ಮನಿಯಲ್ಲಿ ಮುಖ್ಯವಾಗಿ ನಡೆದ 618 ಜನರ ಅಧ್ಯಯನ 2013ರಲ್ಲಿ ಬಂತು. ಬಂದ 24 ಗಂಟೆಯೊಳಗೆ ಆಪರೇಷನ್ ಆದವರಲ್ಲಿ ತೊಂದರೆ ಆದದ್ದು ಶೇ 11.8 ಜನಕ್ಕೆ, ಕಾಯಿಸಿ ಮಾಡಿದವರಲ್ಲಿ ಶೇ 34.4. ಎರಡು ಸಲ ಜೊತೆಗೆ ಬರುವವರ ಕೂಲಿ ನಷ್ಟ ಆ ಅಂಕಿಯಲ್ಲಿ ಇಲ್ಲ, ಅದನ್ನು ನಾವೇ ಸೇರಿಸಿಕೊಳ್ಳಬೇಕು.

ಹೊಸದೆಲ್ಲ ಉತ್ತಮ ಅನ್ನುವ ಭ್ರಮೆಯೂ ಬೇಡ. ಮೂಲವ್ಯಾಧಿಗೆ ಸ್ಟೇಪ್ಲರ್ ಆಪರೇಷನ್ ಬಂದಾಗ ನೋವೇ ಇಲ್ಲ ಅಂತ ಭಾರೀ ಪ್ರಚಾರ. ಬ್ರಿಟನ್‌ನಲ್ಲಿ 777 ಜನರನ್ನು ಎರಡು ವರ್ಷ ನೋಡಿ 2016ರಲ್ಲಿ ಹೇಳಿದ್ದು: ಮೊದಲ ಕೆಲವು ವಾರ ಸ್ಟೇಪ್ಲರ್‌ನಲ್ಲಿ ನೋವು ಕಡಿಮೆ ಹೌದು, ಆಮೇಲೆ ಹಳೇ ವಿಧಾನವೇ ಮೇಲು, ಸ್ಟೇಪ್ಲರ್‌ನವರಿಗೆ ಕಾಯಿಲೆ ಮರಳಿದ್ದೂ ಜಾಸ್ತಿ. ಭಗಂದರಕ್ಕೆ, ಅಂದರೆ ಗುದದ ಪಕ್ಕದಲ್ಲಿ ತೂತಾಗಿ ಕೀವು ಸೋರುವ ಕಾಯಿಲೆಗೆ, ಆಯುರ್ವೇದದ ಕ್ಷಾರಸೂತ್ರ ಇದೆ, ಔಷಧಿ ಸವರಿದ ದಾರವನ್ನು ತೂತಿನೊಳಗೆ ಹಾಯಿಸಿ ಕಟ್ಟಿ ನಿಧಾನಕ್ಕೆ ಕೊಯ್ಯುವುದು. ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೇ ಇದನ್ನು ಆಪರೇಷನ್ ಜೊತೆ ಚೀಟಿ ಎತ್ತಿ ಹೋಲಿಸಿ 1991ರಲ್ಲಿ ಪ್ರಕಟಿಸಿತು. ಗುಣವಾಗಲು ಕ್ಷಾರಸೂತ್ರಕ್ಕೆ 8 ವಾರ, ಆಪರೇಷನ್‌ಗೆ 4 ವಾರ. ಕಾಯಿಲೆ ಮರಳಿದ್ದು ಕ್ಷಾರಸೂತ್ರದಲ್ಲಿ ಶೇ 4, ಆಪರೇಷನ್‌ನಲ್ಲಿ ಶೇ 11. ಬಳ್ಳಾರಿಯಲ್ಲಿ ತಾರಾನಾಥ ಸರ್ಕಾರಿ ಆಯುರ್ವೇದ ಕಾಲೇಜು ಇರುವ ನಮಗೆ ಇದು ಗೊತ್ತಿರಬೇಕಾದ ವಿಷಯ. ಹಾಗಂತ ಬಸ್ ಸ್ಟ್ಯಾಂಡ್ ಹಿಂದುಗಡೆ 'ಆಪರೇಷನ್ ಇಲ್ಲದೆ ಮೂಲವ್ಯಾಧಿ ಒಂದೇ ದಿನದಲ್ಲಿ ಗುಣ' ಅಂತ ಬೋರ್ಡ್ ಹಾಕಿಕೊಂಡವರಿಗೆ ಈ ಅಂಕಿ ಸಲ್ಲುವುದಿಲ್ಲ. ಅವರು ಯಾರನ್ನೂ ಎಣಿಸಿಲ್ಲ.

ಇನ್ನು ಕೆಲವು ಸಣ್ಣ ಸಂಗತಿಗಳು ವಾರ್ಡಿನಲ್ಲಿ ದಿನಾ ನಡೆಯುವಂಥವು. ರಾತ್ರಿಯಿಂದ ಒಂದು ಗುಟುಕು ನೀರೂ ಇಲ್ಲದೆ ಮಧ್ಯಾಹ್ನದ ತನಕ ರೋಗಿಯನ್ನು ಒಣಗಿಸುವುದಕ್ಕೆ ಈಗ ಆಧಾರ ಇಲ್ಲ. ಬೇರೆ ತೊಂದರೆ ಇಲ್ಲದವರು ಗಟ್ಟಿ ಆಹಾರ ಆರು ಗಂಟೆ ಮೊದಲು ಬಿಟ್ಟರೆ ಸಾಕು, ಬರೀ ನೀರನ್ನು ಎರಡು ಗಂಟೆ ಮೊದಲಿನ ತನಕ ಕುಡಿಯಬಹುದು ಅಂತ ಅರಿವಳಿಕೆ ತಜ್ಞರ ಮಾರ್ಗಸೂಚಿಗಳೇ ಹೇಳುತ್ತವೆ. ಬ್ಲೇಡಿನಿಂದ ಕೂದಲು ಬೋಳಿಸುವುದನ್ನು ವಿಶ್ವ ಆರೋಗ್ಯ ಸಂಸ್ಥೆ ಬೇಡ ಅನ್ನುತ್ತದೆ, ತೆಗೆಯಲೇಬೇಕಿದ್ದರೆ ಮೆಷಿನ್. ಸೋಂಕು ಬರದಿರಲಿ ಅಂತ ಕೊಡುವ ಆ್ಯಂಟಿಬಯಾಟಿಕ್ ಗಾಯ ಮಾಡುವ ಮೊದಲು ಕೊಡಬೇಕು, ಆಪರೇಷನ್ ಮುಗಿದ ಮೇಲೆ ವಾರಗಟ್ಟಲೆ ಎಳೆಯಬಾರದು. ಹರ್ನಿಯಾ ಆಪರೇಷನ್ ಆದವರು ಆರು ತಿಂಗಳು ಕೊಡವೂ ಎತ್ತಬಾರದು ಅನ್ನುವುದೂ ಹಳೇ ಮಾತು. 2018ರ ಅಂತರರಾಷ್ಟ್ರೀಯ ಮಾರ್ಗಸೂಚಿ ನೋವಿಲ್ಲ ಅನಿಸಿದ ಕೂಡಲೇ ದಿನದ ಕೆಲಸಕ್ಕೆ ಮರಳಬಹುದು ಅನ್ನುತ್ತದೆ. ಅದನ್ನು ಬರೆದವರ ಕಣ್ಣಮುಂದೆ 75 ಕೆಜಿ ಚೀಲ ಇತ್ತೋ ಇಲ್ಲವೋ, ನಿಮ್ಮ ಸರ್ಜನ್‌ನ ಕೇಳಿಯೇ ಹೋಗಿ.

ಈ ಲೆಕ್ಕಗಳೆಲ್ಲ ದೂರದವು, ನಮ್ಮವು ಎಲ್ಲಿ? ಬಳ್ಳಾರಿಯಲ್ಲಿ 1961ರಿಂದ ಮೆಡಿಕಲ್ ಕಾಲೇಜಿದೆ, ಎಲ್ಲರ ಬಾಯಲ್ಲಿ ಇನ್ನೂ ವಿಮ್ಸ್. ರಾಯಚೂರಿನ ರಿಮ್ಸ್ 2007ರದು, ಕೊಪ್ಪಳದ ಕಿಮ್ಸ್ 2015ರದು. ಜನರಲ್ ಸರ್ಜರಿಯಲ್ಲಿ ಎಂಎಸ್ ಮಾಡುವ ಪಿಜಿ ಡಾಕ್ಟರುಗಳು ಮೂರು ವರ್ಷದಲ್ಲಿ ಒಂದು ಥೀಸಿಸ್ ಬರೆಯಲೇಬೇಕು. ನೀವು ಯಾವುದೇ ಮೆಡಿಕಲ್ ಕಾಲೇಜಿನ ವಾರ್ಡಿನಲ್ಲಿ ಮಲಗಿದ್ದಾಗ ಒಬ್ಬ ಯುವ ಡಾಕ್ಟರ್ ಫಾರಂ ಹಿಡಿದು ಬಂದರೆ ಹೆದರಬೇಡಿ, ಆದರೆ ಕೇಳಿ. ಆಪರೇಷನ್‌ಗೆ ಒಪ್ಪಿಗೆ ಬೇರೆ, ಅಧ್ಯಯನಕ್ಕೆ ಒಪ್ಪಿಗೆ ಬೇರೆ, ಎರಡಕ್ಕೂ ಬೇರೆ ಬೇರೆ ಸಹಿ. ಅಧ್ಯಯನದ ಫಾರಂ ನಿಮಗೆ ತಿಳಿಯುವ ಭಾಷೆಯಲ್ಲಿ, ಅಂದರೆ ಕನ್ನಡದಲ್ಲೇ ಇರಬೇಕು. ಹೆಬ್ಬೆಟ್ಟು ಒತ್ತುವವರಾದರೆ ಅಧ್ಯಯನಕ್ಕೆ ಸಂಬಂಧ ಇಲ್ಲದ ಸಾಕ್ಷಿ ಬೇಕು. ಬೇಡ ಅಂದರೂ ಚಿಕಿತ್ಸೆ ನಿಲ್ಲುವ ಹಾಗಿಲ್ಲ, ನಡುವೆ ಬಿಟ್ಟು ಬಂದರೂ ಯಾರೂ ಕೇಳುವ ಹಾಗಿಲ್ಲ. ಹೊಸ ವಿಧಾನವನ್ನು ಪರೀಕ್ಷಿಸುವ ಅಧ್ಯಯನವಾಗಿದ್ದರೆ ಸಿಟಿಆರ್‌ಐ ಅನ್ನುವ ಸರ್ಕಾರಿ ರಿಜಿಸ್ಟರಿನಲ್ಲಿ ಶುರು ಮಾಡುವ ಮೊದಲೇ ನೋಂದಾಯಿಸಬೇಕು. 2007ರಲ್ಲಿ ಶುರುವಾದ ಇದನ್ನು ಯಾರು ಬೇಕಾದರೂ ಮೊಬೈಲಿನಲ್ಲಿ ತೆಗೆದು ಓದಬಹುದು. ಮೊದಲೇ ಬರೆಸುವುದಕ್ಕೆ ಕಾರಣ ಇದೆ. ಏನು ಎಣಿಸುತ್ತೇವೆ ಅಂತ ಮುಂಚೆ ಹೇಳದಿದ್ದರೆ, ಕೊನೆಗೆ ಚೆನ್ನಾಗಿ ಕಾಣುವ ಅಂಕಿಯನ್ನು ಮಾತ್ರ ಮುಂದಿಟ್ಟು ಉಳಿದದ್ದನ್ನು ಮಡಚಿಡಬಹುದು.

ಚಿಕ್ಕಪ್ಪ ಕೊನೆಗೆ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಮಾಮೂಲಿ ಗಾಯದ ಆಪರೇಷನ್ ಮಾಡಿಸಿಕೊಂಡು ಮೆಶ್ ಹಾಕಿಸಿಕೊಂಡರು. ಅಲ್ಲಿನ ಪಿಜಿ ಹುಡುಗಿಯ ಫಾರಂಗೆ ಸಹಿ ಮಾಡಿದರು. ಮೂವತ್ತನೇ ದಿನ ಆಕೆ ಫೋನ್ ಮಾಡಿದಾಗ ಇವರು ಮಿಲ್ಲಿನ ಗದ್ದಲದಲ್ಲಿ ನಿಂತಿದ್ದರು. 'ಆರಾಮ್ ಅದೀನ್ರಿ ಮೇಡಂ' ಅಂದು ಕಟ್ ಮಾಡಿದರು. ಡಾಕ್ಟರ್ ಕೇಳಿದರೆ ಹಾಗೇ ಹೇಳಬೇಕು ಅನ್ನುವುದು ನಮ್ಮ ಕಡೆಯ ಮರ್ಯಾದೆ. ಅವತ್ತು ರಾತ್ರಿ ಕುಕ್ಕರುಗಾಲಲ್ಲಿ ಕೂರಲಾಗದೆ ಚಾಪೆಯ ಮೇಲೆ ಕಾಲು ಚಾಚಿ ಊಟ ಮಾಡಿದ್ದನ್ನು ನಾನೇ ನೋಡಿದೆ. ಹರ್ನಿಯಾ ಆಪರೇಷನ್ ಆದ ನೂರರಲ್ಲಿ 10–12 ಜನಕ್ಕೆ ಮೂರು ತಿಂಗಳ ನಂತರವೂ ಸಾಕಷ್ಟು ಕಾಡುವಂಥ ನೋವು ಉಳಿಯುತ್ತದೆ ಅಂತ ಅದೇ 2018ರ ಮಾರ್ಗಸೂಚಿಯಲ್ಲಿದೆ. ಮರಳುವ ಹರ್ನಿಯಾಕ್ಕಿಂತ ಈ ನೋವೇ ಈಗ ಸರ್ಜನ್‌ಗಳಿಗೆ ದೊಡ್ಡ ತಲೆನೋವು.

ವರ್ಷ ತುಂಬಿದಾಗ ಆಕೆ ಮತ್ತೆ ಫೋನ್ ಮಾಡಿದಳು. ಈ ಸಲ ಫೋನ್ ಎತ್ತಿದ್ದು ಚಿಕ್ಕಮ್ಮ. ಚಿಕ್ಕಪ್ಪ ಹಿಂದಿನಿಂದ 'ಆರಾಮ್ ಅದೀನಿ ಅನ್ನು' ಅಂತ ಸನ್ನೆ ಮಾಡುತ್ತಲೇ ಇದ್ದರು. ಚಿಕ್ಕಮ್ಮ ಅತ್ತ ತಿರುಗಿ, ತೊಡೆ ಜೋಮು ಹಿಡಿಯುವುದು, ಚೀಲ ಎತ್ತಿದ ದಿನ ರಾತ್ರಿ ನರಳುವುದು, ಮಿಲ್ಲಿನಲ್ಲಿ ಈಗ ಚೀಲ ಹೊಲಿಯುವ ಮೆಷಿನ್ ಕೆಲಸಕ್ಕೆ ಹಾಕಿ ಕೂಲಿ ಕಡಿಮೆ ಮಾಡಿರುವುದು ಎಲ್ಲ ಹೇಳಿದರು. ಹತ್ತು ನಿಮಿಷ ಆಯಿತು. ಆ ಕಡೆಯಿಂದ 'ಸ್ವಲ್ಪ ನಿಧಾನ ಹೇಳ್ರಿ ಅಮ್ಮಾ, ಬರಕೊಳ್ಳಾಕತ್ತೀನಿ' ಅನ್ನುವುದು ನನಗೂ ಕೇಳಿಸಿತು.